ಬಣ್ಣ ಬಿಡ್ತದಾ?

ಭಾನುವಾರ. ಅಮ್ಮ ಸೀಗೆಪುಡಿಯಲ್ಲಿ ಬೆರಳು ತಿಕ್ಕುತ್ತಾಳೆ;
ನಲವತ್ತು ವರ್ಷದ ನೀಲಿ ಉಗುರಿನ ಬುಡದಲ್ಲಿ ಕೂತಿದೆ,
ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತು.
ನಾನು ಬುತ್ತಿಯ ಚೀಲದಿಂದ ಕಿರುಬೆರಳಷ್ಟು ಶೀಷೆ ತೆಗೆದು
ಮೆಟ್ಟಿಲ ಮೇಲೆ, ಬಿಸಿಲಿಗೆ, ನಿಲ್ಲಿಸುತ್ತೇನೆ.

'ಎಂತದು, ಹುಣಸೆ ಕಿವುಚಿದ ನೀರಾ?'
ತುಕ್ಕಿನ ದಾಯಾದಿ, ಅನ್ನುತ್ತೇನೆ.
ಪೆರಿಯದ ಲ್ಯಾಬಿನಲ್ಲಿ ಎರಡು ಮಳೆಗಾಲ ಬೇಯಿಸಿದ್ದು.
ಹನ್ನೊಂದು ಸಲ ತಳ ಹಿಡಿಯಿತು.

ಕುಂಬಳೆಯ ಗುಜರಿ ಅದ್ರಾಮನ ಅಂಗಡಿಯಲ್ಲಿ
ಸತ್ತ ಕಂಪ್ಯೂಟರಿನ ಎದೆ ಬಗೆದು ತಂದ ಅಯಸ್ಕಾಂತ,
ಇಪ್ಪತ್ತು ಅಂದ, ಚೌಕಾಸಿ ಮಾಡಿ ಹದಿನೈದು.
ಅದನ್ನು ಗೇಣು ದೂರದಿಂದ ಮೆಲ್ಲಗೆ ತರುತ್ತೇನೆ.
ಹುಣಸೆನೀರು ಕೆಂಪಾಗುತ್ತದೆ.
ಇನ್ನಷ್ಟು ಹತ್ತಿರ: ಹಳದಿ. ಹಸುರು.
ಶೀಷೆಗೆ ತಾಗಿಸಿದರೆ ನೀಲಿ,
ಸೀರೆಯ ಅಂಚಿಗೆ ಬೇಕಾಗುವಂಥ ಗಟ್ಟಿ ನೀಲಿ.
ಕೈ ತೆಗೆದರೆ ಮತ್ತೆ ಹುಣಸೆ.

ಅಮ್ಮನ ಮುಖ ನೋಡುತ್ತೇನೆ.
ಅವಳಿಗೇನೂ ಅಚ್ಚರಿಯಿಲ್ಲ.
ಅವಳ ಹಂಡೆಯಲ್ಲೂ ಮುಳುಗಿದ ನೂಲು ಹಳದಿ-ಹಸುರು,
ಎತ್ತಿ ಗಾಳಿಗೆ ಹಿಡಿದರೆ
ನೋಡನೋಡುತ್ತ ನೀಲಿ.
ಅವಳು ಕೇಳುವುದು ಒಂದೇ,
ಸೊಸೈಟಿಯ ಬಾಗಿಲಿಗೆ ಬಂದ ಗಿರಾಕಿಗಳೆಲ್ಲ ಅವಳನ್ನು ಕೇಳಿದ್ದು:
'ಬಣ್ಣ ಬಿಡ್ತದಾ?'

ಬಿಡಲು ಬಣ್ಣವೇ ಇಲ್ಲ ಅಮ್ಮ.
(ಲ್ಯಾಬಿನಲ್ಲಿ ಇದಕ್ಕೆ ಇಂಗ್ಲಿಷು, ಬೈಗುಳಕ್ಕೆ ಮಲಯಾಳ,
ಅವಳಿಗೆ ಹೇಳಲು ನನ್ನಲ್ಲಿ ಅಡುಗೆಮನೆಯ ಕನ್ನಡವಷ್ಟೇ.)
ಒಂದು ಕೂದಲನ್ನು ಐನೂರು ಸಲ ಸೀಳಿದಷ್ಟು ಸಣ್ಣ ಉಂಡೆಗಳು,
ಎಲ್ಲಕ್ಕೂ ಒಂದೇ ಮುನಿಸು, ಒಂದನ್ನೊಂದು ದೂಡುತ್ತವೆ.
ಅಯಸ್ಕಾಂತ ಬಂತೆಂದರೆ ಸಾಲು ಕಟ್ಟುತ್ತವೆ
ನಿನ್ನ ಮಗ್ಗದ ಹಣಿಗೆಯ ಹಲ್ಲಿನ ಹಾಗೆ,
ತಾಗದೆ, ಬಿಡದೆ.
ನಡುವಿನ ಸಂದು ಉಂಟಲ್ಲ, ಅದೇ ಬಣ್ಣ.
ಸಂದು ಅಗಲವಾದರೆ ಬೆಳಕು ಕೆಂಪಾಗಿ ಮರಳುತ್ತದೆ,
ಇಕ್ಕಟ್ಟಾದರೆ ನೀಲಿಯಾಗಿ.

'ಹಾಗಾದ್ರೆ ಹಣಿಗೆ ನಂಬರಿನ ಲೆಕ್ಕ', ಅನ್ನುತ್ತಾಳೆ.
ನಾಲ್ಕು ವರ್ಷ ಕಲಿತದ್ದನ್ನು ನನಗೆ
ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ.

ನಫೀಸ ಟೀಚರ್ ಬೈದದ್ದನ್ನೂ ಹೇಳುತ್ತೇನೆ:
ಎಪ್ರಿಲಿನಲ್ಲಿ ಭಟ್ಟಿ ಇಳಿಸಿದ ನೀರು ಮುಗಿದು
ಹಾಸ್ಟೆಲಿನ ನಳ್ಳಿಯಿಂದ ಹಿಡಿದಿದ್ದೆ,
ಚಿಟಿಕೆ ಉಪ್ಪಿದ್ದಿರಬೇಕು.
ಉಂಡೆಗಳು ಮುನಿಸು ಮರೆತು ತಬ್ಬಿಕೊಂಡವು,
ತಬ್ಬಿಕೊಂಡೇ ತಳಕ್ಕಿಳಿದವು.
ಸಂದು ಹೋಯಿತು. ಬಣ್ಣ ಹೋಯಿತು.
ಅಮ್ಮ ನಗುತ್ತಾಳೆ. ಅವಳು ಹಂಡೆಗೆ
ಉಪ್ಪನ್ನು ಹಿಡಿ ಹಿಡಿಯಾಗಿ ಸುರಿಯುವವಳು,
ಬಣ್ಣ ನೂಲನ್ನು ಅಪ್ಪಲಿ ಎಂದು.
ಅದೇ ಉಪ್ಪು.

ಆಮೇಲೆ ಅಯಸ್ಕಾಂತವನ್ನು ತಾನೇ ಇಸಿದುಕೊಂಡಳು.
ಹಿಂದೆ, ಮುಂದೆ. ಲಾಳಿಯಲ್ಲ ಅದು, ಮೆಲ್ಲಗೆ ಅಮ್ಮ.
ಎರಡು ಬೆರಳಗಲದಲ್ಲಿ ಕೈ ನಿಂತಿತು.
'ಇದೇ.'
ಎಂತ ಇದೇ?
ಬಾಳೆಯ ಸುಳಿ ಬಿಚ್ಚುವಾಗಿನ ಹಸುರು.
ನಾನು ಹುಟ್ಟಿದ ವರ್ಷ ಒಂದು ಮದುವೆಗೆ ಹನ್ನೆರಡು ಸೀರೆ,
ಕಳಿಸಿದ ತುಂಡಿಗೆ ಬಣ್ಣ ಕೂಡಲಿಲ್ಲವೆಂದು
ಪಯ್ಯನ್ನೂರಿನಿಂದ ಕಟ್ಟು ಬಿಚ್ಚದೆ ವಾಪಸ್ ಬಂದಿದ್ದವು.
ಮೂರು ಸಲ ಅದ್ದಿದ್ದಳಂತೆ. ಕೂಲಿಯಲ್ಲಿ ಹಿಡಿದರಂತೆ.
ಆ ತುಂಡು ಇದೇ ಹಸುರು.

ಈಗೀಗ ಅವಳ ಕೈ ಸ್ವಲ್ಪ ನಡುಗುತ್ತದೆ.
ಹಸುರು ಹಳದಿಯ ಕಡೆಗೆ ಜಾರಿ, ಮತ್ತೆ ಬಂತು.
ಅಂತರ ಬರೆದುಕೊಳ್ಳೋಣವೆಂದು ಅಳತೆಪಟ್ಟಿ ತೆಗೆದವಳು
ಅದನ್ನು ಹಿಡಿದುಕೊಂಡು ಸುಮ್ಮನೆ ಕೂತೆ.

ಸೋಮವಾರ ಪೆರಿಯದ ಬಸ್ಸು, ನಿಂತುಕೊಂಡೇ.
ಚಂದ್ರಗಿರಿ ಸೇತುವೆಯಲ್ಲಿ ಚೀಲ ತಡಕಿದೆ:
ಅಯಸ್ಕಾಂತ ಬುತ್ತಿ ಡಬ್ಬದ ಕೊಂಡಿಗೆ ಅಂಟಿ
ಶೀಷೆಯ ಮಗ್ಗುಲಲ್ಲೇ ಮಲಗಿತ್ತು.
ಒಳಗೆ ನೀಲಿಯಾಗಿರಬೇಕು.
ಅಷ್ಟು ಕತ್ತಲೆಯಲ್ಲಿ ಅದನ್ನು ನೀಲಿ ಅನ್ನಬಹುದೋ ಇಲ್ಲವೋ
ಟೀಚರನ್ನು ಕೇಳಬೇಕು.